ತಾಳ ಹಾಸಿಗೆಯಲ್ಲಿರುವವರದು

ಸಾವಿಗೆ ಹತ್ತಿರವಾದವರ ಪಕ್ಕ ಕೂತು ಹಾಡುವ, ನುಡಿಸುವ ಕೆಲಸದ ಮಾತು ಬಂದಾಗಲೆಲ್ಲ ಮೊದಲು ಕೇಳುವ ಪ್ರಶ್ನೆ ‘ಯಾವ ಹಾಡು ಹಾಡಬೇಕು?’ ಎಂಬುದು. ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ಹಾಡಿನ ಆಯ್ಕೆ ಇಲ್ಲಿ ಮೂರನೆಯದೋ ನಾಲ್ಕನೆಯದೋ ಸಂಗತಿ. ಮೊದಲನೆಯದು ಮಲಗಿರುವವರ ಉಸಿರು. ಕಛೇರಿಯಲ್ಲಿ ತಾಳ ಹಾಡುವವರ ಕೈಯಲ್ಲಿರುತ್ತದೆ, ಕೇಳುವವರು ತಲೆದೂಗುತ್ತಾರೆ. ಈ ಕೋಣೆಯಲ್ಲಿ ತಾಳ ಇರುವುದು ಮಲಗಿದವರ ಎದೆಯಲ್ಲಿ. ಹಾಡುವವರು ಅದನ್ನು ನೋಡಿಕೊಂಡು ಹಿಂದಿನಿಂದ ಹೋಗಬೇಕು. ಈ ಉಪನ್ಯಾಸದಲ್ಲಿ ಇವತ್ತು ಹೇಳುವ ಉಳಿದ ವಿವರಗಳೆಲ್ಲ ಈ ಒಂದು ಮಾತಿನ ಬಾಲಂಗೋಚಿ.

‘ಫೋನಿನಲ್ಲಿ ಹಾಕಿದರಾಯಿತಲ್ಲ’ ಎನ್ನುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ತೊಂದರೆ ಏನೆಂದರೆ, ಧ್ವನಿಮುದ್ರಿಕೆಗೆ ಎದುರಿಗಿರುವವರು ಕಾಣಿಸುವುದಿಲ್ಲ. ಮಲಗಿದವರಿಗೆ ಕೆಮ್ಮು ಹತ್ತಲಿ, ನರ್ಸ್ ಮಗ್ಗುಲು ಬದಲಿಸಲು ಬರಲಿ, ಉಸಿರು ಇಪ್ಪತ್ತು ಸೆಕೆಂಡು ನಿಂತೇಬಿಡಲಿ, ಅದು ಪಲ್ಲವಿ ಮುಗಿಸಿ ಚರಣಕ್ಕೆ ಹೋಗಿಬಿಡುತ್ತದೆ. ಎದುರಿಗೆ ಕೂತು ಹಾಡುವವರು ಸಾಲಿನ ನಡುವೆಯೇ ನಿಲ್ಲಬಲ್ಲರು, ಅದೇ ಸಾಲನ್ನು ನಾಲ್ಕು ಸಲ ಹಾಡಬಲ್ಲರು, ಪದ ಬಿಟ್ಟು ಬರೀ ಸ್ವರಕ್ಕೆ ಇಳಿಯಬಲ್ಲರು. ಎದುರಾಎದುರು ಹಾಡುವುದರ ಬೆಲೆ ಇಷ್ಟರಲ್ಲೇ ಇದೆ. ಹಾಗೆ ಬದಲಾಗದೆ, ಮನೆಯಲ್ಲಿ ಅಭ್ಯಾಸ ಮಾಡಿದ್ದನ್ನು ಇಲ್ಲಿ ಒಪ್ಪಿಸಿ ಹೋಗುವವರಿಗಿಂತ ಫೋನೇ ವಾಸಿ. ದಿನದ ಉಳಿದ ಗಂಟೆಗಳಲ್ಲಿ ಫೋನ್ ಬಳಸಿದರೂ ತಪ್ಪಿಲ್ಲ. ಹಾಡುಗಳನ್ನು ಇಳಿಸಿಟ್ಟುಕೊಂಡಿರಿ, ಇಲ್ಲವಾದರೆ ಆಲಾಪನೆಯ ಬೆನ್ನಿಗೇ ಜಾಹೀರಾತು ಕೂಗುತ್ತದೆ. ಅರ್ಧ ಗಂಟೆಗೆ ತಾನೇ ನಿಲ್ಲುವಂತೆ ಟೈಮರ್ ಹಾಕಿ. ಎದ್ದು ನಿಲ್ಲಿಸಲಾಗದವರ ತಲೆಯ ಹತ್ತಿರ ರಾತ್ರಿಯಿಡೀ ಹಾಡು ಓಡುತ್ತಿದ್ದರೆ ಅದು ಹಿಂಸೆ.

ಈ ಕೆಲಸದ ಈಚಿನ ಚರಿತ್ರೆ ಚಿಕ್ಕದು. ವೈದ್ಯೆ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದರೆ ಸಾವಿಗೆ ಹತ್ತಿರವಾದವರ ಆರೈಕೆಯ ಮನೆ, ತೆರೆದದ್ದು 1967ರಲ್ಲಿ. ಅಲ್ಲಿಂದ ಪ್ರೇರಣೆ ಪಡೆದು ಕೆನಡಾದ ವೈದ್ಯ ಬಾಲ್ಫೋರ್ ಮೌಂಟ್ 1975ರಲ್ಲಿ ಮಾಂಟ್ರಿಯಲ್‌ನ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಉಪಶಾಮಕ ಆರೈಕೆಯ, ಅಂದರೆ ಗುಣವಾಗದ ರೋಗದಲ್ಲಿ ನೋವು, ಬಾಧೆ ತಗ್ಗಿಸುವ ಆರೈಕೆಯ, ವಾರ್ಡ್ ಕಟ್ಟಿದರು. ಅಲ್ಲಿ ಕೆಲಸ ಮಾಡಿದ ಸೂಸನ್ ಮನ್ರೋ ಮತ್ತು ಮೌಂಟ್ ಸೇರಿ ಇಂಥ ಆರೈಕೆಯಲ್ಲಿ ಸಂಗೀತ ಚಿಕಿತ್ಸೆಯ ಬಗ್ಗೆ ಬರೆದ ಲೇಖನ ಕೆನಡಾದ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು 1978ರಲ್ಲಿ. ಅಮೆರಿಕದಲ್ಲಿ ಥೆರೀಸ್ ಶ್ರೋಡರ್-ಶೇಕರ್ ಹಾರ್ಪ್ ಎಂಬ ತಂತಿವಾದ್ಯ ಮತ್ತು ಕಂಠವನ್ನು ಮಾತ್ರ ಬಳಸುವ ಬೇರೆಯೇ ದಾರಿ ಹಿಡಿದರು. ಅವರ ತರಬೇತಿ ಶಾಲೆ 1992ರಲ್ಲಿ ಮಾಂಟಾನಾದ ಮಿಸೂಲಾದ ಆಸ್ಪತ್ರೆಯೊಂದರಲ್ಲಿ ನೆಲೆಯೂರಿತು. 2000ದಲ್ಲಿ ಕೇಟ್ ಮುಂಗರ್ ಕ್ಯಾಲಿಫೋರ್ನಿಯಾದಲ್ಲಿ ಥ್ರೆಶೋಲ್ಡ್ ಕ್ವಾಯರ್ ಎಂಬ ಸ್ವಯಂಸೇವಕರ ಹಾಡುಗುಂಪು ಶುರುಮಾಡಿದರು. ಇವು ಒಂದೇ ಕೆಲಸವಲ್ಲ. ಸಂಗೀತ ಚಿಕಿತ್ಸಕರು ತರಬೇತಿ ಪಡೆದ ವೃತ್ತಿಪರರು. ಗುರಿ ಇಟ್ಟುಕೊಳ್ಳುತ್ತಾರೆ, ದಾಖಲೆ ಬರೆಯುತ್ತಾರೆ, ವೈದ್ಯರ ತಂಡಕ್ಕೆ ಉತ್ತರ ಕೊಡುತ್ತಾರೆ. ಹಾರ್ಪ್ ಹಿಡಿದು ಜಾಗರಣೆ ಕೂರುವವರದು ಕೊನೆಯ ದಿನಗಳ, ಗಂಟೆಗಳ ಕೆಲಸ. ಸ್ವಯಂಸೇವಕ ಗಾಯಕರು ಸಾಂತ್ವನ ಕೊಡುತ್ತಾರೆ. ಅದನ್ನು ಚಿಕಿತ್ಸೆ ಎಂದು ಕರೆದುಕೊಳ್ಳಬಾರದು.

ಪುರಾವೆ ಎಷ್ಟಿದೆ? ಕಡಿಮೆ. ಒಂದು ವಿಷಯದ ಅಧ್ಯಯನಗಳನ್ನೆಲ್ಲ ಕಲೆಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2010ರ ಸಮೀಕ್ಷೆಗೆ ಸಿಕ್ಕಿದ್ದು ಐದು ಅಧ್ಯಯನಗಳು, ಒಟ್ಟು 175 ಜನ. ಬದುಕಿನ ಗುಣಮಟ್ಟ ಸುಧಾರಿಸಬಹುದೆಂಬ ಸೂಚನೆ ಇದೆ, ಆದರೆ ಅಧ್ಯಯನಗಳೇ ಗಟ್ಟಿಯಿಲ್ಲ ಎಂದು ಅದು ಹೇಳಿತು. ಹಾಗಾಗಿ ಸಂಗೀತದಿಂದ ನೋವು ಹೋಗುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ. ನೋವಿಗೆ ಔಷಧ ಬೇಕು. ನಾವು ಹಾಡುವಾಗ ಹಣೆ ಗಂಟಿಕ್ಕಿದ್ದು ಬಿಡದಿದ್ದರೆ, ಮುಲುಗು ನಿಲ್ಲದಿದ್ದರೆ, ಹಾಡು ನಿಲ್ಲಿಸಿ ನರ್ಸ್‌ಗೆ ತಿಳಿಸುವುದೇ ಆಗ ನಾವು ಮಾಡಬಹುದಾದ ಉಪಕಾರ.

ಕೊನೆಯವರೆಗೂ ಕೇಳಿಸುತ್ತದೆ ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವ್ಯಾಂಕೂವರ್‌ನ ಹಾಸ್ಪಿಸ್ ಒಂದರ ರೋಗಿಗಳಿಗೆ ನಾದಗಳ ಚಿಕ್ಕ ಚಿಕ್ಕ ವರಸೆ ಕೇಳಿಸಿ, ನಡುನಡುವೆ ವರಸೆ ಬದಲಿಸಿ, ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದರು. ಪ್ರಜ್ಞೆ ತಪ್ಪಿ ಯಾವುದಕ್ಕೂ ಓಗೊಡದ ಸ್ಥಿತಿಯಲ್ಲೂ ಕೆಲವರ ಮಿದುಳು ಆ ಬದಲಾವಣೆಗೆ ಆರೋಗ್ಯವಂತರ ಮಿದುಳಿನಂತೆಯೇ ಸ್ಪಂದಿಸಿತು. ಕೆಲವರದು, ಎಲ್ಲರದಲ್ಲ. ಕೇಳಿಸಿದ್ದು ಅರ್ಥವಾಯಿತೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ನಮಗೆ ಅಷ್ಟು ಸಾಕು. ಕೇಳಿಸುತ್ತಿದೆ ಎಂದುಕೊಂಡೇ ನಡೆದುಕೊಳ್ಳಬೇಕು. ಹಾಸಿಗೆಯ ಪಕ್ಕ ನಿಂತು ‘ಇನ್ನೆಷ್ಟು ಹೊತ್ತಂತೆ?’ ಎಂದು ಪಿಸುಗುಟ್ಟುವುದನ್ನೂ ಬಿಡಬೇಕು.

ಈಗ ಕೋಣೆಯ ಹೊರಗೆ ಮಾಡುವ ಕೆಲಸ. ನರ್ಸ್ ಹತ್ತಿರ ಎರಡು ನಿಮಿಷ ಕೇಳಿಕೊಳ್ಳಿ: ಯಾವ ಕಿವಿ ಚೆನ್ನಾಗಿದೆ, ನೋವಿನ ಔಷಧ ಯಾವಾಗ ಕೊಟ್ಟರು, ಮತಿಭ್ರಮಣೆಯ ಲಕ್ಷಣ ಇದೆಯೇ, ಸೋಂಕಿನ ಕಟ್ಟೆಚ್ಚರ ಇದೆಯೇ, ಒಳಗೆ ಯಾರಿದ್ದಾರೆ. ಮನೆಯವರಿಗೆ ಬೇರೆ ಪ್ರಶ್ನೆ: ಇವರಿಗೆ ಯಾವ ಹಾಡು ಬೇಡ? ಯಾವುದು ಇಷ್ಟ ಎನ್ನುವುದಕ್ಕಿಂತ ಇದಕ್ಕೆ ಸಿಗುವ ಉತ್ತರ ಉಪಯುಕ್ತ. ತೀರಿಹೋದ ಮಗನ ನೆನಪು ತರುವ ಹಾಡೋ, ನಂಬಿಕೆ ಬಿಟ್ಟವರಿಗೆ ಭಜನೆಯೋ ಆದರೆ ಕಿವಿ ಮುಚ್ಚಿಕೊಳ್ಳಲು ಕೈಯೆತ್ತುವ ಶಕ್ತಿಯೂ ಅವರಲ್ಲಿರುವುದಿಲ್ಲ. ಮಾತಾಡಬಲ್ಲವರಾದರೆ ಅವರನ್ನೇ ಕೇಳಿ. ‘ಬೇಡ’ ಎಂದರೆ ‘ಆಗಲಿ’ ಎಂದು ಬಂದುಬಿಡಿ. ಔಷಧ, ಊಟ, ಮಲಮೂತ್ರ ಎಲ್ಲವೂ ಬೇರೆಯವರ ಕೈಗೆ ಹೋದ ಹೊತ್ತಿನಲ್ಲಿ ಬೇಡ ಅನ್ನಲು ಅವರಿಗೆ ಉಳಿದಿರುವುದು ಇದೊಂದೇ ಇರಬಹುದು.

ಕೈ ಸ್ಯಾನಿಟೈಸರ್‌ನಲ್ಲಾದರೆ 20ರಿಂದ 30 ಸೆಕೆಂಡು, ಸೋಪು ನೀರಿನಲ್ಲಾದರೆ 40ರಿಂದ 60 ಸೆಕೆಂಡು ಉಜ್ಜಬೇಕು. ಅತ್ತರು, ಸೆಂಟು ಬೇಡವೇ ಬೇಡ. ಹೊಟ್ಟೆ ತೊಳಸುತ್ತಿರುವವರಿಗೆ ಅದು ವಾಂತಿಗೆ ದಾರಿ. ವಾದ್ಯ ಒರೆಸುವುದರಲ್ಲಿ ಎಚ್ಚರ: ಅರಗಿನ ಪಾಲಿಶ್ ಇರುವ ಮರವನ್ನು ಸ್ಪಿರಿಟ್ ಕರಗಿಸಿಬಿಡುತ್ತದೆ. ಅಂಥದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕೈ ತಾಗುವ ಕಡೆ ತೊಳೆಯಬಹುದಾದ ಬಟ್ಟೆ ಸುತ್ತಿಕೊಳ್ಳಿ. ಸೋಂಕಿನ ಕೋಣೆಗೆ ವಾದ್ಯ ಒಯ್ಯಲೇಬೇಡಿ, ಕಂಠ ಸಾಕು. ಕೊಳಲಿನಲ್ಲಿ ಇನ್ನೊಂದು ತಾಪತ್ರಯ: ಊದಿದ ಉಸಿರು ಎದುರಿಗೆ ಹೋಗುತ್ತದೆ, ತೇವ ತೊಟ್ಟಿಕ್ಕುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರ ಹತ್ತಿರ ಅದು ಸಲ್ಲದು.

ಶ್ರುತಿಯನ್ನು ಹೊರಗೇ ಮಾಡಿಕೊಂಡು ಬನ್ನಿ. ಬಿರಡೆ ತಿರುವುವ ಕಿರ್‌ ಸದ್ದು, ಏರಿಳಿಯುವ ತಂತಿ, ‘ಇನ್ನೊಂಚೂರು’ ಎಂಬ ಪ್ರಯತ್ನ ಇವೆಲ್ಲ ಕಛೇರಿಯಲ್ಲಿ ನಿರೀಕ್ಷೆ ಹುಟ್ಟಿಸುತ್ತವೆ, ಇಲ್ಲಿ ಕಳವಳ ಹುಟ್ಟಿಸುತ್ತವೆ. ಎಸಿ ಇರುವ ಕೋಣೆಗೆ ಹೋದ ಮೇಲೆ ತಂತಿ ಹೇಗೂ ಒಂದಿಷ್ಟು ಕದಲುತ್ತದೆ. ಅದಕ್ಕೆ ವಾದ್ಯಕ್ಕೆ ಕಚ್ಚಿಕೊಳ್ಳುವ ಚಿಕ್ಕ ಟ್ಯೂನರ್ ಇಟ್ಟುಕೊಳ್ಳಿ. ಅದು ತಂತಿಯ ಕಂಪನವನ್ನೇ ಓದುವುದರಿಂದ ಬೆರಳ ತುದಿಯಲ್ಲಿ ಮೆಲ್ಲಗೆ ಮೀಟಿದರೂ ಸಾಕು.

ಒಳಗೆ ಹೋದ ತಕ್ಷಣ ಹಾಡಬೇಡಿ. ಅಲ್ಲಿ ಆಗಲೇ ಒಂದು ಶ್ರುತಿ ಓಡುತ್ತಿರುತ್ತದೆ, ಅದನ್ನು ಕೇಳಿಸಿಕೊಳ್ಳಿ. ಆಕ್ಸಿಜನ್ ಕಾನ್ಸಂಟ್ರೇಟರ್‌ನ ಗುಂಯ್ ಸದ್ದು ಸುಮಾರು 40ರಿಂದ 50 ಡೆಸಿಬೆಲ್ ಇರುತ್ತದೆ. ನಾವು ಹಾಡುವ ಮಟ್ಟವೂ ಹೆಚ್ಚುಕಡಿಮೆ ಅಷ್ಟೇ. 50 ಹರ್ಟ್ಸ್ ವಿದ್ಯುತ್ ಇರುವ ದೇಶಗಳಲ್ಲಿ ಟ್ರಾನ್ಸ್‌ಫಾರ್ಮರ್, ಮೋಟಾರುಗಳ ಗುನುಗು 100 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ನೂರು ಕಂಪನದಲ್ಲಿ, ಕೇಳಿಸುತ್ತದೆ. ಹಾರ್ಮೋನಿಯಂನ ಬಿಳಿ ಐದು, ಅಂದರೆ ‘ಜಿ’ ಸ್ವರ, ಕೆಳಗಿನ ಸ್ಥಾಯಿಯಲ್ಲಿ 98 ಹರ್ಟ್ಸ್. ನೀವು ಆ ಶ್ರುತಿ ಹಿಡಿದು ಕೂತರೆ ಯಂತ್ರಕ್ಕೂ ನಿಮಗೂ ಎರಡು ಹರ್ಟ್ಸ್ ಅಂತರ. ಸೆಕೆಂಡಿಗೆ ಎರಡು ಸಲ ‘ವಂವ್ ವಂವ್’ ಎಂದು ನಾದ ಅಲೆಯಾಗಿ ಬಡಿಯುತ್ತದೆ. ಎಲ್ಲಿಂದ ಬರುತ್ತಿದೆಯೆಂದು ಯಾರಿಗೂ ತಿಳಿಯುವುದಿಲ್ಲ. ಯಾಕೋ ಸರಿಯಿಲ್ಲ ಅನ್ನಿಸುತ್ತದೆ ಅಷ್ಟೆ. ಪರಿಹಾರ ಎರಡು. ಎಲೆಕ್ಟ್ರಾನಿಕ್ ತಂಬೂರಿಯ ಸೂಕ್ಷ್ಮ ಶ್ರುತಿಯ ಗುಂಡಿಯನ್ನು ಅರ್ಧಸ್ವರದ ಮೂರನೇ ಒಂದು ಪಾಲಿನಷ್ಟು ಏರಿಸಿ ಯಂತ್ರದ ನಾದಕ್ಕೆ ಕೂಡಿಸಿ. ಇಲ್ಲವೇ ಆ ಗುನುಗು ಪಂಚಮವಾಗುವಂತೆ ಷಡ್ಜ ಇಟ್ಟುಕೊಳ್ಳಿ. ಆಗ ಯಂತ್ರವೇ ತಂಬೂರಿಯ ಒಂದು ತಂತಿ. 60 ಹರ್ಟ್ಸ್ ವಿದ್ಯುತ್ ಇರುವ ಕಡೆ ಗುನುಗು 120ಕ್ಕೆ ಏರುತ್ತದೆ, ಲೆಕ್ಕ ಅದೇ. ಯಂತ್ರವನ್ನು ಆರಿಸುವ, ಅಲಾರಂ ಒತ್ತುವ ಕೆಲಸಕ್ಕೆ ಮಾತ್ರ ಕೈಹಾಕಕೂಡದು.

ಕೂರುವ ಜಾಗ ಪಕ್ಕಕ್ಕೆ, ಒಂದು ಅಥವಾ ಒಂದೂವರೆ ಮೀಟರ್ ದೂರ, ಅವರ ಕಣ್ಣಿನ ಮಟ್ಟಕ್ಕೆ. ಕಾಲ ಬುಡದಲ್ಲಿ ನಿಂತರೆ ಮೇಲಿಂದ ಬಗ್ಗಿ ನೋಡಿದಂತಾಗುತ್ತದೆ. ತಲೆಯ ಹಿಂದೆ ಕೂತರೆ ಕಾಣದ ಕಡೆಯಿಂದ ಸದ್ದು. ಕೈ ಹಿಡಿದು ಕೂರುವ ಜಾಗ ಮನೆಯವರದು, ಅದನ್ನು ನಾವು ಆಕ್ರಮಿಸಬಾರದು. ಶ್ರವಣಯಂತ್ರ ಹಾಕಿದ್ದರೆ ದಿಂಬಿನ ಕಡೆಯದನ್ನು ತೆಗೆಸಿ. ದಿಂಬಿಗೆ ಒತ್ತಿದಾಗ ಅದು ಕುಯ್ಯೆಂದು ಶಿಳ್ಳೆ ಹಾಕುತ್ತದೆ, ಆ ಶಿಳ್ಳೆ ಅವರ ಕಿವಿಯೊಳಗೇ ಇರುತ್ತದೆ. ವಯಸ್ಸಾದವರಿಗೆ ಮೊದಲು ಹೋಗುವುದು ತಾರದ ಕಡೆಯ ಕೇಳ್ಮೆ. ಆದ್ದರಿಂದ ಮಧ್ಯಸ್ಥಾಯಿಯ ಕೆಳಭಾಗದಲ್ಲಿ ಹಾಡಿ. ಆಸ್ಪತ್ರೆಯ ವಾರ್ಡಿನ ಕೋಣೆಗಳಲ್ಲಿ ಸದ್ದು ಸರಾಸರಿ 30 ಡೆಸಿಬೆಲ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ನಿಜದಲ್ಲಿ ಎಲ್ಲೂ ಅಷ್ಟು ಸುಮ್ಮನಿರುವುದಿಲ್ಲ. ಹಾಗೆಂದು ಯಂತ್ರದ ಮೇಲೆ ಜೋರು ಮಾಡಿ ಗೆಲ್ಲಲು ಹೋಗಬೇಡಿ. ಪಕ್ಕದಲ್ಲಿ ಕೂತವರೊಡನೆ ಮಾತಾಡುವ ಸದ್ದಿಗಿಂತ ಒಂದು ಮಟ್ಟ ಕೆಳಗಿದ್ದರೆ ಸರಿ.

ಇನ್ನು ಉಸಿರು. ಎರಡು ಮೂರು ನಿಮಿಷ ಸುಮ್ಮನೆ ಕೂತು ಎದೆಯನ್ನೋ ಹೊದಿಕೆಯ ಅಂಚನ್ನೋ ನೋಡಿ. ಆ ಅಂಚು ಏರಿ ಇಳಿದರೆ ಒಂದು ಉಸಿರು. ಉಸಿರು ಒಂದೇ ಸಮ ಇದ್ದರೆ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ಏರುಪೇರಿದ್ದರೆ ಪೂರಾ ಒಂದು ನಿಮಿಷ ಎಣಿಸಲೇಬೇಕು. ಸುಮ್ಮನಿರುವ ವಯಸ್ಕರಿಗೆ ನಿಮಿಷಕ್ಕೆ 12ರಿಂದ 20 ಸಹಜ. ನಿಮಗೆ 24 ಸಿಕ್ಕಿತು ಎಂದುಕೊಳ್ಳಿ. ಅಂದರೆ ಒಂದು ಉಸಿರಿಗೆ ಎರಡೂವರೆ ಸೆಕೆಂಡು. ಒಂದು ಉಸಿರಿಗೆ ಮೂರು ಎಣಿಕೆ ಇಟ್ಟರೆ ನಿಮಿಷಕ್ಕೆ 72 ಆಗುತ್ತದೆ, ಜೋಗುಳದ ನಡೆ. ಎರಡು ಎಣಿಕೆ ಇಟ್ಟರೆ 48, ತೀರಾ ನಿಧಾನ. ಕಳವಳದಲ್ಲಿರುವವರಿಗೆ ಅದು ತಮ್ಮದಲ್ಲ ಅನ್ನಿಸುತ್ತದೆ. ಆದ್ದರಿಂದ ಮೂರರಲ್ಲಿ ಶುರುಮಾಡಿ. ಅವರು ಉಸಿರು ಒಳಗೆಳೆಯುವಾಗ ನೀವು ಸುಮ್ಮನಿರಿ. ಬಿಡುವಾಗ ಸಾಲು ಹಾಡಿ, ಅದೂ ಮೇಲಿಂದ ಕೆಳಗಿಳಿಯುವ ಸಾಲು. ನಿಮ್ಮ ಉಸಿರಿನ ಅನುಕೂಲ ಮರೆತುಬಿಡಿ. ಹಾಡುವವರಿಗೆ ಅತ್ಯಂತ ಕಷ್ಟವಾಗುವುದು ಇದೇ. ಎರಡೂವರೆ ಸೆಕೆಂಡಿನ ತುಂಡುಗಳಲ್ಲಿ ಹಾಡಿದರೆ ರಾಗದ ಎಳೆ ಹರಿದಂತೆ ಅನ್ನಿಸುತ್ತದೆ. ಹರಿಯಲಿ.

ನಾಲ್ಕೈದು ನಿಮಿಷ ಹಾಗೆ ಜೊತೆಯಲ್ಲೇ ಹೋದ ಮೇಲೆ 72ರಿಂದ 68ಕ್ಕೆ ಇಳಿಸಿ ನೋಡಿ. ಉಸಿರು ಹಿಂದೆ ಬಂದರೆ ಇನ್ನೊಂದಷ್ಟು ಹೊತ್ತಿನ ಮೇಲೆ 64. ಬರದಿದ್ದರೆ ವಾಪಸು ಹೋಗಿ ಅವರಿದ್ದಲ್ಲೇ ಇರಿ. ಇದ್ದ ಮನಸ್ಥಿತಿಗೆ ಮೊದಲು ಹೊಂದಿಸಿ, ಆಮೇಲೆ ಮೆಲ್ಲಗೆ ಬದಲಿಸುವ ಈ ಕ್ರಮವನ್ನು 1940ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಇರಾ ಆಲ್ಟ್‌ಶುಲರ್ ‘ಐಸೋ’ ತತ್ವ ಎಂದು ಕರೆದರು. ತಪ್ಪಾಗುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ‘ಶಾಂತವಾದ ಸಂಗೀತ ಬೇಕು’ ಎಂದು ಮೊದಲೇ ವಿಳಂಬದಲ್ಲಿ ಕೂರುವುದು. ಇನ್ನೊಂದು, ಉಸಿರು ಒಂದು ಸಲ ಜೊತೆಗೆ ಬಂದ ಖುಷಿಯಲ್ಲಿ ಗಡಿಬಿಡಿಯಿಂದ ಇಳಿಸುವುದು. ಆಗ ದಾರ ತುಂಡಾಗುತ್ತದೆ, ಮತ್ತೆ ಮೊದಲಿಂದ ಶುರು. ವೆಂಟಿಲೇಟರ್ ಮೇಲಿರುವವರ ಉಸಿರು ಎಣಿಸಿ ಫಲವಿಲ್ಲ, ಅದು ಯಂತ್ರದ ಲೆಕ್ಕ. ಅಲ್ಲಿ ಹಣೆ, ದವಡೆ, ಬೆರಳುಗಳನ್ನು ನೋಡಬೇಕು.

ಕೊನೆಯ ದಿನಗಳಲ್ಲಿ ಈ ಲೆಕ್ಕವೆಲ್ಲ ತಲೆಕೆಳಗಾಗುವ ಒಂದು ಹಂತ ಬರುತ್ತದೆ. ಉಸಿರು ಮೆಲ್ಲಗೆ ಆಳವಾಗುತ್ತಾ ಏರುತ್ತದೆ, ಮತ್ತೆ ಆಳ ಕಳೆದುಕೊಳ್ಳುತ್ತಾ ಇಳಿಯುತ್ತದೆ, ನಿಲ್ಲುತ್ತದೆ, ಕೆಲವೊಮ್ಮೆ ಅರ್ಧ ನಿಮಿಷವೂ ದಾಟುತ್ತದೆ, ಮತ್ತೆ ಶುರುವಾಗುತ್ತದೆ. ಇದನ್ನು ವಿವರಿಸಿದ ಇಬ್ಬರು ವೈದ್ಯರ, 1818ರಲ್ಲಿ ಜಾನ್ ಚೇನ್, 1854ರಲ್ಲಿ ವಿಲಿಯಂ ಸ್ಟೋಕ್ಸ್, ಹೆಸರಿನಲ್ಲಿ ಚೇನ್-ಸ್ಟೋಕ್ಸ್ ಉಸಿರಾಟ ಎನ್ನುತ್ತಾರೆ. ಇದರ ಹಿಂದೆ ಓಡಬೇಡಿ. ಅದು ಏರಿದಾಗ ನೀವೂ ಏರಿದರೆ ಕೋಣೆಯಲ್ಲಿರುವವರಿಗೆಲ್ಲ ಎದೆ ಹೊಡೆದುಕೊಳ್ಳುತ್ತದೆ. ಇಲ್ಲಿ ತಾಳವನ್ನೇ ಬಿಡಬೇಕು. ಆಲಾಪನೆಯ ಹಾಗೆ, ಗಮಕ ತೆಗೆದು, ಒಂದೊಂದೇ ಉದ್ದ ಸ್ವರ. ಉಸಿರು ನಿಂತಾಗ ಹೊಸ ಸ್ವರ ಎತ್ತಬೇಡಿ. ಇದ್ದ ಸ್ವರ ತಾನಾಗಿ ಕರಗಲಿ, ಆಮೇಲೆ ಮೌನ. ಉಸಿರು ಮತ್ತೆ ಬಂದ ಮೇಲೆ ನೀವೂ ಬನ್ನಿ. ಗಂಟಲಲ್ಲಿ ಕಫದ ಗೊರಗೊರ ಶುರುವಾದಾಗ ಮನೆಯವರು ಕಂಗಾಲಾಗುತ್ತಾರೆ. ಅಷ್ಟರಲ್ಲಿ ಸಾಮಾನ್ಯವಾಗಿ ಪ್ರಜ್ಞೆ ಇಳಿದಿರುವುದರಿಂದ ಅದರಿಂದ ರೋಗಿಗೆ ಬಾಧೆಯಿಲ್ಲವೆಂದೇ ವೈದ್ಯರು ಭಾವಿಸುತ್ತಾರೆ. ಅದನ್ನು ಮನೆಯವರಿಗೆ ಹೇಳುವುದು ನರ್ಸ್ ಕೆಲಸ, ಮಗ್ಗುಲು ತಿರುಗಿಸುವುದೂ ಅವರದೇ. ನಾವು ಆ ಸದ್ದನ್ನು ಮುಚ್ಚಲು ಧ್ವನಿ ಏರಿಸಬಾರದು. ಮಂದ್ರದಲ್ಲಿ ಒಂದು ಆಧಾರ ಸ್ವರ ಇದ್ದರೆ ಕೇಳುವ ಕಿವಿಗೆ ಆತುಕೊಳ್ಳಲು ಒಂದು ಜಾಗ ಸಿಗುತ್ತದೆ.

ಈಗ ಹಾಡಿನ ಪ್ರಶ್ನೆಗೆ ಬರಬಹುದು. ವಾರಗಳು, ತಿಂಗಳುಗಳು ಉಳಿದಿರುವಾಗ ಅವರ ಹಾಡೇ ಸರಿ. ಕುಣಿಸುವ ಹಾಡು ಕೇಳಿದರೆ ಅದನ್ನೇ ಹಾಡಿ, ಮುಖ ಸಪ್ಪೆ ಮಾಡಿಕೊಂಡು ಹಾಡಬೇಡಿ. ಕೊನೆಯ ಗಂಟೆಗಳಲ್ಲಿ ಮಾತ್ರ ಗುರುತಿರುವ ಹಾಡಿನ ಬಗ್ಗೆ ಎರಡು ಮತಗಳಿವೆ. ಹಾರ್ಪ್ ನುಡಿಸುವವರ ಪರಂಪರೆ ಗುರುತಿಲ್ಲದ ಸಂಗೀತವನ್ನೇ ಆರಿಸುತ್ತದೆ: ಪರಿಚಿತ ಹಾಡು ನೆನಪಿನ ಕೈ ಹಿಡಿದು ಇತ್ತ ಎಳೆಯುತ್ತದೆ, ಬಿಟ್ಟು ಹೊರಟವರಿಗೆ ಅದು ತೊಡಕು ಎನ್ನುವುದು ಅವರ ವಾದ. ಸಂಗೀತ ಚಿಕಿತ್ಸಕರಲ್ಲಿ ಹಲವರು ಪ್ರಿಯವಾದ ಹಾಡಿನ ಪರ. ನನಗೆ ಸರಿ ಕಾಣುವುದು ನಡುವಿನ ದಾರಿ. ಪರಿಚಿತ ಹಾಡಿನಿಂದಲೇ ಶುರುಮಾಡಿ, ಪದ ಬಿಡಿ, ಲಯ ಬಿಡಿ, ಕೊನೆಗೆ ಅದರ ಮೂರು ನಾಲ್ಕು ಸ್ವರ ಮಾತ್ರ ಉಳಿಸಿಕೊಳ್ಳಿ. ಗುರುತಿನ ನೆರಳು ಇರುತ್ತದೆ, ಎಳೆತ ಇರುವುದಿಲ್ಲ.

ಎಷ್ಟು ಹೊತ್ತು? ಹದಿನೈದರಿಂದ ಮೂವತ್ತು ನಿಮಿಷ. ಅದರಲ್ಲಿ ಮೂರನೇ ಒಂದು ಭಾಗ ಮೌನವಾದರೂ ನಷ್ಟವಿಲ್ಲ. ಕಲಾವಿದರಾದವರಿಗೆ ಇದು ಕೈಗೆ ಬರಲು ತಿಂಗಳುಗಳು ಬೇಕಾಗುತ್ತವೆ, ಯಾಕೆಂದರೆ ಬೆರಳಿಗೆ, ಗಂಟಲಿಗೆ ತುಂಬಿಸುವ ಅಭ್ಯಾಸ. ಕಣ್ಣು ಮುಚ್ಚಿ ಹಾಡುವ ಚಟ ಬಿಡಬೇಕು; ಮುಚ್ಚಿದರೆ ಉಸಿರು ಕಾಣುವುದಿಲ್ಲ. ಮುಕ್ತಾಯಕ್ಕೆ, ಮೃದಂಗದವರು ತೀರ್ಮಾನ ಬಾರಿಸಿದಂತೆ, ಕೊನೆಯ ಸಾಲನ್ನು ಮೂರು ಸಲ ಹೇಳಿ ನಿಲ್ಲಿಸಿದರೆ, ಕೂತವರ ಕೈ ತಮಗರಿವಿಲ್ಲದೆ ಚಪ್ಪಾಳೆಗೆ ಏಳುತ್ತದೆ. ಮುಗಿಸಿದ ಮೇಲೆ ‘ಹೇಗಿತ್ತು?’ ಎಂದು ಕೇಳುವುದಂತೂ ಅವರಿಂದ ಕಿತ್ತುಕೊಂಡಂತೆ; ಸುಸ್ತಾದವರು ನಮ್ಮ ಸಮಾಧಾನಕ್ಕೆ ಒಳ್ಳೆಯ ಮಾತು ಹುಡುಕಬೇಕಾಗುತ್ತದೆ.

ನಿಲ್ಲಿಸಬೇಕಾದ ಗುರುತುಗಳು: ಮುಖ ಆಚೆ ತಿರುಗುವುದು, ಹುಬ್ಬು ಗಂಟಾಗುವುದು, ಮುಷ್ಟಿ ಬಿಗಿಯುವುದು, ಉಸಿರು ಮೊದಲಿಗಿಂತ ಚುರುಕಾಗುವುದು, ಹೊದಿಕೆ ಕೀಳುವುದು. ಮೊದಲು ಪದ ತೆಗೆಯಿರಿ, ಆಮೇಲೆ ಸದ್ದು ಇಳಿಸಿ, ಆಮೇಲೂ ಹಾಗೇ ಇದ್ದರೆ ನಿಲ್ಲಿಸಿ ಒಂದು ನಿಮಿಷ ಕಾಯಿರಿ. ಕಣ್ಣೀರು ಒಂದೇ ಗುರುತಲ್ಲ. ಮುಖ ಸಡಿಲಾಗಿ ಕಣ್ಣು ತುಂಬಿದರೆ ಹಾಡು ಮುಂದುವರಿಯಲಿ. ಮತಿಭ್ರಮಣೆ ಇರುವವರಿಗೆ ಸಂಗೀತ ಬೇರೇನೋ ಆಗಿ ಕೇಳಿಸಬಹುದು. ಒಂದೇ ಕಂಠ, ಐದೇ ನಿಮಿಷ, ಅವರಿಗೆ ಕಾಣುವಂತೆ ಕೂತು ಹಾಡಿ.

ಮನೆಯವರ ವಿಷಯ. ಗುಂಪಿನಲ್ಲಿ ಹಾಡುವುದಾದರೆ ಎರಡರಿಂದ ನಾಲ್ಕು ಜನ ಸಾಕು. ಯಾರಿಗಾದರೂ ಅಳು ಉಕ್ಕಿದರೆ ಅವರು ಬಿಡಬಹುದು, ಉಳಿದವರು ಹಿಡಿದಿರುತ್ತಾರೆ. ಅಳು ಬಂದಾಗ ಹಾಡಲಾಗದಿರುವುದಕ್ಕೆ ಕಾರಣ ಮನಸ್ಸಿನ ಸೋಲಲ್ಲ, ಗಂಟಲಿನ ರಚನೆ: ಹೆಚ್ಚು ಗಾಳಿಗಾಗಿ ಶರೀರ ಧ್ವನಿತಂತುಗಳ ನಡುವಿನ ಕಿಂಡಿಯನ್ನು ತೆರೆದಿಡಲು ನೋಡುತ್ತದೆ, ಹಾಡಲೂ ನುಂಗಲೂ ಅದು ಮುಚ್ಚಬೇಕು. ಆ ಜಗ್ಗಾಟವೇ ಗಂಟಲು ಕಟ್ಟುವುದು. ಉಸಿರನ್ನು ಪೂರ್ತಿ ಹೊರಬಿಟ್ಟು, ಬಾಯಿ ಮುಚ್ಚಿ, ಮಂದ್ರದಲ್ಲಿ ಗುನುಗಿದರೆ ಬೇಗ ಬಿಡುತ್ತದೆ. ಅಂತ್ಯಕ್ರಿಯೆಯಲ್ಲೋ ಸ್ಮರಣೆಯ ಸಭೆಯಲ್ಲೋ ಹಾಡುವವರು ಇದನ್ನೇ ಮನಸ್ಸಿನಲ್ಲಿಟ್ಟು ತಮ್ಮ ಎಂದಿನ ಶ್ರುತಿಗಿಂತ ಒಂದು, ಒಂದೂವರೆ ಸ್ವರ ಕೆಳಗೆ ಇಟ್ಟುಕೊಳ್ಳಬೇಕು. ಎತ್ತರದ ಸಾಲು ಬರುವ ಚರಣವನ್ನು ವಾದ್ಯಕ್ಕೆ ಬಿಡಿ, ಗಂಟಲಿಗೆ ಒಂದು ನಿಮಿಷದ ಬಿಡುವು.

ಸಾವಿನ ನಂತರದ ದುಃಖಕ್ಕೂ ಇದೇ ಸಂಗೀತದಿಂದ ಕೆಲವು ಕೆಲಸಗಳಾಗುತ್ತವೆ. ಅದರಲ್ಲೊಂದನ್ನು ಬದುಕಿರುವಾಗಲೇ ಮಾಡಿಡಬೇಕು: ಹೃದಯದ ಬಡಿತವನ್ನು ದಾಖಲಿಸಿ, ಅದರ ಮೇಲೆ ಹಾಡು ಕಟ್ಟುವುದು. ಸಂಗೀತ ಚಿಕಿತ್ಸಕರು ಮಕ್ಕಳ ವಾರ್ಡುಗಳಲ್ಲಿ ಹೆಚ್ಚಾಗಿ ಮಾಡುತ್ತಾರೆ. ರೋಗಿಯ ಒಪ್ಪಿಗೆ, ಮಗುವಾದರೆ ತಂದೆತಾಯಿಯ ಒಪ್ಪಿಗೆ ಮೊದಲು. ಟಿವಿ, ಫ್ಯಾನು ಆರಿಸಿ, ಡಿಜಿಟಲ್ ಸ್ಟೆಥಸ್ಕೋಪ್‌ನಲ್ಲಿ ಒಂದೆರಡು ನಿಮಿಷ ದಾಖಲಿಸಿದರೆ ಸಾಕು. ಅದರಲ್ಲಿ ಹತ್ತು ಹದಿನೈದು ಚೊಕ್ಕ ಬಡಿತ ಸಿಕ್ಕರೂ ಅದನ್ನೇ ಮತ್ತೆ ಮತ್ತೆ ಜೋಡಿಸಿ ಸರಣಿ ಮಾಡಿಕೊಳ್ಳಬಹುದು. ನುಡಿಸುವ ವಾದ್ಯ ಆ ಬಡಿತದ ವೇಗಕ್ಕೆ ಬರಬೇಕು, ಬಡಿತವನ್ನು ಹಿಗ್ಗಿಸಿ ಕುಗ್ಗಿಸಿ ಹಾಡಿಗೆ ಕೂಡಿಸಬಾರದು. ಆಮೇಲೆ ಒಂದು ಪೇಚು ಇದೆ. ಹೃದಯದ ಸದ್ದಿನ ಬಹುಪಾಲು 150 ಹರ್ಟ್ಸ್‌ಗಿಂತ ಕೆಳಗಿರುತ್ತದೆ, ಫೋನಿನ ಸ್ಪೀಕರಿನಲ್ಲಿ ಅದು ಬರುವುದೇ ಇಲ್ಲ. ತಾಯಿ ಮನೆಗೆ ಹೋಗಿ ಫೋನಿನಲ್ಲಿ ಹಾಕಿದರೆ ಹಾಡು ಕೇಳುತ್ತದೆ, ಬಡಿತ ಕೇಳುವುದಿಲ್ಲ. ಕೊಡುವಾಗಲೇ ಹೆಡ್‌ಫೋನ್ ಹಾಕಿ ಕೇಳಿ ಎಂದು ಹೇಳಿರಬೇಕು. ತಕ್ಷಣ ಕೇಳಲೇಬೇಕೆಂದೂ ಇಲ್ಲ. ಮುಚ್ಚಿಟ್ಟು ವರ್ಷದ ಮೇಲೆ ಕೇಳುವವರೂ ಇರುತ್ತಾರೆ.

ಉಪನ್ಯಾಸದ ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲೇ ಬರೆದಿದ್ದೇನೆ.

ಹಾಡುತ್ತಿರುವಾಗಲೇ ಪ್ರಾಣ ಹೋದರೆ ಏನು ಮಾಡಬೇಕು ಎಂದು ಒಬ್ಬರು ಕೇಳಿದರು. ಹಾಡನ್ನು ಅರ್ಧಕ್ಕೆ ಕತ್ತರಿಸಬೇಡಿ, ಪೂರ್ತಿ ಮಾಡಲೂ ಹೋಗಬೇಡಿ. ಹಿಡಿದ ಸ್ವರ ಆರುವ ತನಕ ಇದ್ದು ಸುಮ್ಮನಾಗಿ. ನಿಂತ ಉಸಿರು ಒಂದು ನಿಮಿಷದ ಮೇಲೂ ಮತ್ತೊಮ್ಮೆ ಬರುವುದುಂಟು. ‘ಹೋದರು’ ಎಂದು ಹೇಳುವುದು ನಮ್ಮ ಪಾಲಿನ ಮಾತಲ್ಲ, ಅದು ವೈದ್ಯರು, ನರ್ಸ್ ಹೇಳಬೇಕಾದದ್ದು. ಮನೆಯವರು ಕಣ್ಣೆತ್ತಿ ನಮ್ಮ ಕಡೆ ನೋಡಿದರೆ ಆ ನೋಟಕ್ಕೆ ತಲೆಯಾಡಿಸಬೇಡಿ; ಕರೆಗಂಟೆ ಒತ್ತಲು ಅವರಿಗೆ ಸಹಾಯ ಮಾಡಿ. ಆಮೇಲೆ ಹಾಡೆಂದರೆ ಹಾಡಿ. ಹೇಳದಿದ್ದರೆ ವಾದ್ಯವನ್ನು ಸದ್ದಾಗದಂತೆ ಒರಗಿಸಿ, ಚೀಲದ ಜಿಪ್ಪನ್ನು ಹೊರಗೆ ಹೋದ ಮೇಲೆ ಎಳೆಯಿರಿ. ಆ ಮೌನದಲ್ಲಿ ಜಿಪ್ಪಿನ ಸದ್ದು ಎಷ್ಟು ದೊಡ್ಡದೆಂದು ಕೇಳಿದವರಿಗೇ ಗೊತ್ತು. ಹೊರಗೆ ಬಂದು ನಾಲ್ಕು ಸಾಲು ಬರೆದಿಡಿ: ಬಂದ ಹೊತ್ತು, ಮೊದಲಿನ ಉಸಿರಿನ ಎಣಿಕೆ, ಆಮೇಲಿನದು, ಕಂಡ ಬದಲಾವಣೆ. ‘ಕೋಣೆಯಲ್ಲಿ ದಿವ್ಯ ಶಾಂತಿ ತುಂಬಿತ್ತು’ ಎಂದು ಬರೆಯಬೇಡಿ, ಮುಂದಿನ ಪಾಳಿಯವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಅದೇ ದಿನ ಇನ್ನೊಂದು ಜಾಗರಣೆಗೆ ಒಪ್ಪಿಕೊಳ್ಳುವ ಮೊದಲು ಯಾರೊಡನಾದರೂ ಹದಿನೈದು ನಿಮಿಷ ಮಾತಾಡಿ, ಹೆಸರು ಹೇಳದೆ.

ಇನ್ನೊಂದು ಪ್ರಶ್ನೆ: ‘ನನಗೆ ಹಾಡಲು ಬರುವುದಿಲ್ಲ, ಅಮ್ಮನ ಹತ್ತಿರ ಕೂತಾಗ ಏನು ಮಾಡಲಿ?’ ಮಾತಾಡುವಾಗ ನಿಮ್ಮ ಧ್ವನಿ ಇರುವ ಎತ್ತರದಲ್ಲೇ ತುಟಿ ಮುಚ್ಚಿ ಒಂದು ‘ಮ್’ ಹಿಡಿಯಿರಿ. ಶ್ರುತಿ ಸರಿಯೇ ಎಂದು ಯೋಚಿಸಬೇಡಿ, ಒಂದೇ ಸ್ವರದಲ್ಲಿ ಅಪಸ್ವರ ಬರಲು ಜಾಗವೇ ಇಲ್ಲ. ಅಮ್ಮ ಉಸಿರು ಬಿಡುವಾಗ ನೀವೂ ‘ಮ್’ ಎಂದು ಬಿಡಿ, ಎಳೆಯುವಾಗ ನೀವೂ ಎಳೆಯಿರಿ. ಅವರ ಉಸಿರು ತೀರಾ ಚುರುಕಾಗಿದ್ದರೆ ಎರಡು ಉಸಿರಿಗೆ ಒಂದು ‘ಮ್’, ಇಲ್ಲವಾದರೆ ನಿಮಗೇ ತಲೆಸುತ್ತು ಬರುತ್ತದೆ. ಅವರ ಕೈ ನಿಮ್ಮ ಕೈಯಲ್ಲಿದ್ದರೆ ಅದನ್ನು ನಿಮ್ಮ ಎದೆಯ ಮೇಲೆ ಇಟ್ಟುಕೊಳ್ಳಿ. ಕಿವಿಗೆ ಕೇಳಿಸದಿದ್ದರೂ ಗುನುಗಿನ ನಡುಕ ಅಂಗೈಗೆ ತಾಗುತ್ತದೆ. ಐದು ನಿಮಿಷ ಸಾಕು. ಗಂಟಲು ಒಣಗಿದರೆ ನೀರು ಕುಡಿದು ಬನ್ನಿ.